ಕಡ ಕೊಟ್ಟ ಕೂಸು

…ಆದರೆ ಆ ಕೊಕ್ಕೆಯನ್ನು ನಾನು ನೋಡಿರಲು ಸಾಧ್ಯವೇ ಇಲ್ಲ. ನೋಡಿದಂತೆ ಅನ್ನಿಸುತ್ತದೆ, ಅಷ್ಟೆ. ಬಟ್ಟೆಯ ಜೋಳಿಗೆಯೊಳಗೆ ಅಂಗಾತ ಮಲಗಿದ್ದೇನೆ; ಮೇಲೆ ಹಿತ್ತಾಳೆಯ ದುಂಡು ಮುಖವೊಂದಿದೆ, ಅದರ ನಡುವೆ ನಡುಗುವ ಮುಳ್ಳು, ಅದರ ಮೇಲೊಂದು ಕೊಕ್ಕೆ, ಕೊಕ್ಕೆ ಹಿಡಿದ ಒಂದು ಹೆಂಗಸಿನ ಕೈ. ಚಿತ್ರ ಇಷ್ಟು ಸ್ಪಷ್ಟವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಆಗ ನನಗಿನ್ನೂ ಹಲ್ಲು ಬಂದಿರಲಿಲ್ಲ. ಹಲ್ಲು ಬಾರದವನಿಗೆ ನೆನಪು ಮಾತ್ರ ಹೇಗೆ ಬಂತು? ಇವತ್ತು ಬೆಳಿಗ್ಗೆ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕಿದವನು ನಾನು. ಇಂಥವನು ತೊಟ್ಟಿಲ ಕಾಲದ ಸಂಗತಿಯನ್ನು ಎದೆ ತಟ್ಟಿ ಹೇಳಿದರೆ ನೀವು ನಂಬಬೇಡಿ. ನಾನೂ ನಂಬುವುದಿಲ್ಲ.

ನಿಜ ಹೇಳಬೇಕೆಂದರೆ ಇದು ಅವ್ವನಿಂದ ಕೇಳಿದ್ದು, ಪಕ್ಕದ ಮನೆಯ ಗೌರಮ್ಮನವರಿಂದ ಕೇಳಿದ್ದು, ಅವರ ಗಂಡ ಬೆಲ್ಲದ ಅಂಗಡಿ ಶಿವಪ್ಪನವರಿಂದ ಕೇಳಿದ್ದು. ಮೂವರೂ ಮೂರು ಥರ ಹೇಳಿದರು. ನಾನು ಮೂರನ್ನೂ ಒಟ್ಟಿಗೆ ತೊಳಸಿ ಮುದ್ದೆ ಕಟ್ಟಿ ನುಂಗಿದ್ದೇನೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನೆನಪಿನ ವಿಷಯದಲ್ಲೂ ನಮ್ಮ ಕಡೆಯವರು ಇದೇ ಪದ್ಧತಿ ಇಟ್ಟುಕೊಂಡಿದ್ದಾರೆ ಅಂತ ಕಾಣುತ್ತದೆ.

ಮೂವರೂ ಒಪ್ಪುವ ಸಂಗತಿ ಒಂದಿದೆ. ನನ್ನ ಜೀವನದ ಮೊದಲ ಉದ್ಯೋಗ ಬೇರೆಯವರ ಮಕ್ಕಳ ಬದಲು ತೂಗಿಸಿಕೊಳ್ಳುವುದು. ಆಮೇಲೆ ಎಷ್ಟೋ ಕಡೆ ಎಷ್ಟೋ ಕೆಲಸ ಮಾಡಿದೆ. ಸಮಾಜದಲ್ಲಿ ಆಗ ನನಗಿದ್ದ ತೂಕ ಮತ್ತೆಂದೂ ಬರಲಿಲ್ಲ.

ಊರು ಹೊಳೆನರಸೀಪುರ. ಎರಡನೇ ಮಹಾಯುದ್ಧ ಇನ್ನೂ ಪತ್ರಿಕೆಯಲ್ಲಷ್ಟೇ ಇತ್ತು, ನಮ್ಮ ಬೀದಿಯ ಸೀಮೆಎಣ್ಣೆಯ ಡಬ್ಬದವರೆಗೆ ಬಂದಿರಲಿಲ್ಲ. ಆ ದಿನಗಳಲ್ಲಿ ಬಾಣಂತಿಯರನ್ನೂ ಕೂಸುಗಳನ್ನೂ ಅವರವರ ಮನೆಗೇ ಹೋಗಿ ನೋಡಿ ಬರುವುದಕ್ಕೆ ಒಬ್ಬ ನರ್ಸಮ್ಮನನ್ನು ಹಾಕಿದರು. ಹೆಸರು ದೇವಕಮ್ಮ, ಚನ್ನರಾಯಪಟ್ಟಣದ ಕಡೆಯವರು. ಅವ್ವನ ಕಥೆಯಲ್ಲಿ ಆಕೆ ಎತ್ತರದ ಹೆಂಗಸು, ಗೌರಮ್ಮನವರ ಕಥೆಯಲ್ಲಿ ಕುಳ್ಳಿ. ಅವ್ವ ಗಿಡ್ಡ, ಗೌರಮ್ಮನವರು ಎತ್ತರ, ಆದ್ದರಿಂದ ಇಬ್ಬರೂ ಸುಳ್ಳು ಹೇಳಿಲ್ಲ ಎಂದು ಇಟ್ಟುಕೊಳ್ಳೋಣ. ಕೊಡೆ ಕಪ್ಪಗಿತ್ತು, ಚೀಲ ಚರ್ಮದ್ದು ಎಂಬ ಬಗ್ಗೆ ತಕರಾರಿಲ್ಲ. ಚೀಲದೊಳಗೆ ಆ ಕೊಕ್ಕೆಯ ತಕ್ಕಡಿ.

ಮನೆಗೆ ಬರುವವರನ್ನು ನಮ್ಮ ಬೀದಿ ಮೊದಲಿನಿಂದಲೂ ಅವರು ಎಲ್ಲಿಯವರೆಗೆ ಬರಬಹುದು ಎಂಬುದರ ಮೇಲೆ ವಿಂಗಡಿಸಿತ್ತು. ಕಂದಾಯದವರು, ಸಿಡುಬಿಗೆ ದೇವಿ ಹಾಕುವವರು, ಸ್ಕೂಲಿನ ಮೇಷ್ಟ್ರು, ಇವರೆಲ್ಲ ಜಗಲಿಯವರು. ನೆಂಟರು ನಡುಮನೆಯವರು. ಸೂಲಗಿತ್ತಿ ಬಾಣಂತಿ ಕೋಣೆಯವರೆಗೂ ಹೋಗಬಹುದು, ಅಲ್ಲಿ ಯಜಮಾನನನ್ನೂ ಬೈಯಬಹುದು. ನರ್ಸಮ್ಮನದೇ ತೊಡಕು. ಕೊಡೆ ಹಿಡಿದು ಬಂದದ್ದರಿಂದ ಆಕೆ ಸರ್ಕಾರ, ಅಂದರೆ ಜಗಲಿ. ಹೆಂಗಸಾದ್ದರಿಂದ ನಡುಮನೆ. ಕೇಳುವುದು ನೋಡಿದರೆ ಮೊಲೆಹಾಲು, ಮಲಮೂತ್ರದ ಸಮಾಚಾರ, ಅಂದರೆ ನೇರ ಬಾಣಂತಿ ಕೋಣೆ. ಚಪ್ಪಲಿಯನ್ನು ಎಲ್ಲಿ ಬಿಡಿಸಬೇಕು ಎಂಬುದೇ ಯಾರಿಗೂ ತೀರ್ಮಾನವಾಗದೆ, ಮೊದಲ ಸಲ ಬಂದಾಗ ಆಕೆ ಹೊಸ್ತಿಲಿನ ಮೇಲೆಯೇ ಬಹಳ ಹೊತ್ತು ನಿಂತಿದ್ದರಂತೆ.

ಸರ್ಕಾರ ಯಾವ ವೇಷದಲ್ಲಿ ಬಂದರೂ ಮೊದಲು ಮಕ್ಕಳನ್ನು ಬಚ್ಚಿಡಬೇಕು ಎಂಬುದು ನಮ್ಮ ಸೀಮೆಯ ಹಳೆಯ ವಿವೇಕ. ದೇವಿ ಹಾಕುವವರು ಬಂದರೆ ಮಕ್ಕಳು ತೆಂಗಿನ ತೋಟಕ್ಕೆ, ಮೇಷ್ಟ್ರು ಬಂದರೆ ರಾಗಿ ತುಂಬುವ ವಾಡೆಯೊಳಕ್ಕೆ. ಮುಂದೆ ನಾನೇ ಅರಕಲಗೂಡಿನಲ್ಲಿ ಮೇಷ್ಟ್ರಾಗಿ, ಸ್ಕೂಲಿಗೆ ಬಾರದ ಮಕ್ಕಳನ್ನು ಕರೆಯಲು ಮನೆಮನೆ ತಿರುಗಿದೆ. ಒಂದು ಮನೆಯಲ್ಲಿ ತಾಯಿ, ‘ಐದ ಊರಲ್ಲಿಲ್ಲ ಸಾ, ಅವರತ್ತೆ ಮನೆಗೋಗವ್ನೆ’ ಅನ್ನುತ್ತಿರುವಾಗಲೇ ಮೂಲೆಯಲ್ಲಿದ್ದ ರಾಗಿ ವಾಡೆ ಸೀನಿತು. ತಾಯಿ ಒಂದು ಗಳಿಗೆ ಅತ್ತ ನೋಡಿ, ‘ರಾಗಿಗೆ ಧೂಳು ಜಾಸ್ತಿ ಸಾ’ ಅಂದಳು. ನಾನು ಒಪ್ಪಿಕೊಂಡು ಮಜ್ಜಿಗೆ ಕುಡಿದು ಎದ್ದೆ. ಮನೆಗೆ ಹೋಗಿ ಮಾಡುವ ಉದ್ಯೋಗಗಳಲ್ಲಿ ಇದೊಂದು ಕಷ್ಟ. ಆಸ್ಪತ್ರೆಯಲ್ಲಿ, ಸ್ಕೂಲಿನಲ್ಲಿ ನಾವು ಯಜಮಾನರು, ಅವರು ಬಂದವರು. ಅವರ ಹೊಸ್ತಿಲು ದಾಟಿದೆವೋ, ನಮ್ಮ ವಿದ್ಯೆಯೆಲ್ಲ ಅವರ ಚಾಪೆಯ ಮೇಲೆ ಕಾಲು ಮಡಿಸಿ ಕೂತುಬಿಡುತ್ತದೆ.

ವಿಷಯಕ್ಕೆ ಬರುತ್ತೇನೆ. ಬರಬೇಕೆಂದೇ ಇದ್ದೇನೆ.

ನರ್ಸಮ್ಮ ಕೂಸುಗಳನ್ನು ಮುಟ್ಟಲಿ, ನಾಲಿಗೆ ನೋಡಲಿ, ಬೀದಿಯ ಅಭ್ಯಂತರವಿರಲಿಲ್ಲ. ತೂಗುವುದು ಮಾತ್ರ ಆಗದು. ಕೂಸನ್ನು ತೂಗುವುದೇ ತಪ್ಪು ಎಂದಲ್ಲ. ಹರಕೆ ಹೊತ್ತು ದೇವರ ಮುಂದೆ ಬೆಲ್ಲಕ್ಕೋ ಕಾಯಿಗೋ ತೂಗಿಸಿ ತುಲಾಭಾರ ಮಾಡುವುದು ಎಲ್ಲ ಮನೆಯಲ್ಲೂ ಇತ್ತು. ಅದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಪಡೆಯುವ ನ್ಯಾಯವಾದ ವ್ಯವಹಾರ. ನರ್ಸಮ್ಮನ ತಕ್ಕಡಿಗೆ ಇನ್ನೊಂದು ತಟ್ಟೆಯೇ ಇರಲಿಲ್ಲ. ಕೂಸನ್ನು ಕೊಕ್ಕೆಗೆ ಸಿಕ್ಕಿಸಿ, ಎದುರಿಗೆ ಏನನ್ನೂ ಇಡದೆ, ಮುಳ್ಳು ನೋಡಿ ‘ಇಷ್ಟು’ ಎಂದು ಬಾಯಿಬಿಟ್ಟು ಹೇಳುವುದು! ಬೆಲ್ಲ, ಕೊಬ್ಬರಿಯ ವ್ಯಾಪಾರದ ಊರಿನಲ್ಲಿ ತಕ್ಕಡಿಯ ಬಗ್ಗೆ ಇಂಥ ಅಸಡ್ಡೆ ಯಾರೂ ಕಂಡಿರಲಿಲ್ಲ.

ಆದರೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದೂ ಮರ್ಯಾದೆಯಲ್ಲ. ಪಾಪ, ಬಿಸಿಲಲ್ಲಿ ಬಂದಿದ್ದಾಳೆ, ಏನಾದರೂ ತೂಗಿ ಹೋಗಲಿ. ಹೀಗೆ ಯೋಚಿಸಿ ಬೀದಿಯ ಹೆಂಗಸರು ಕಂಡುಕೊಂಡ ದಾರಿ ನಾನು.

ನಾನು ಗುಂಡಗಿದ್ದೆನಂತೆ. ಈಗಿನ ನನ್ನ ದೇಹವನ್ನು ನೋಡಿದವರು ಇದನ್ನು ಸಾಹಿತ್ಯವೆಂದು ತಿಳಿಯಬಹುದು. ಹೆಪ್ಪು, ಒನಕೆ, ಜರಡಿ ಕಡ ಕೊಡುವ ಹಾಗೆ ಅವ್ವ ನನ್ನನ್ನು ಕಡ ಕೊಡುತ್ತಿದ್ದಳು. ನರ್ಸಮ್ಮ ಬೀದಿಯ ಕಡೆಯಿಂದ ಒಂದು ಮನೆ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಕೊಡೆ ಬಿಚ್ಚುವಷ್ಟರಲ್ಲಿ ನಾನು ಹಿತ್ತಲ ಗೋಡೆಯ ಮೇಲೆ ಕೈಯಿಂದ ಕೈಗೆ ದಾಟಿ ಮುಂದಿನ ಮನೆಯ ತೊಟ್ಟಿಲು ಸೇರಿರುತ್ತಿದ್ದೆ. ಗುರುತು ಸಿಗದಿರಲೆಂದು ಒಂದೊಂದು ಮನೆಯವರೂ ನನ್ನ ದೃಷ್ಟಿಬೊಟ್ಟು ಅಳಿಸಿ ಬೇರೆ ಕಡೆ ಇಡುತ್ತಿದ್ದರು. ಮೊದಲ ಮನೆಯಲ್ಲಿ ಬಲಗೆನ್ನೆ, ಎರಡನೆಯದರಲ್ಲಿ ಎಡಗೆನ್ನೆ, ಮೂರನೆಯದರಲ್ಲಿ ಗಲ್ಲ. ಕೊನೆಯ ಮನೆ ತಲುಪುವಾಗ ನನ್ನ ಮುಖ ಬಾಣಲೆಯ ತಳದಂತೆ ಆಗಿರುತ್ತಿತ್ತು.

‘ನನಗೆ ದೃಷ್ಟಿ ತಾಗುತ್ತೆ ಅಂತ ನಿನಗೆ ಭಯ ಇರಲಿಲ್ವಾ?’ ಎಂದು ದೊಡ್ಡವನಾದ ಮೇಲೆ ಅವ್ವನನ್ನು ಕೇಳಿದ್ದೆ.

‘ನಿಂದು ದೃಷ್ಟಿ ತಾಗೋ ಅಂಥ ಮುಖ ಅಲ್ಲ ಬುಡ್ಲಾ’ ಅಂದಳು.

ಇಲ್ಲಿಯವರೆಗೆ ಎಲ್ಲವೂ ನಗೆಯ ಮಾತು. ಕೊನೆಯ ಮನೆಯಲ್ಲಿ ನಗೆ ಇರಲಿಲ್ಲ.

ಅದು ಶಿವಪ್ಪನವರ ಮನೆ. ಮುಂಭಾಗ ಬೆಲ್ಲದ ಅಂಗಡಿ, ಹಿಂದೆ ಸಂಸಾರ. ಯಜಮಾನಿಕೆ ಶಿವಪ್ಪನವರ ತಾಯಿ ನಂಜವ್ವನದು. ಹಿಂದೆ ಆ ಮನೆಯಲ್ಲಿ ಒಂದು ಗಂಡುಕೂಸು ಹುಟ್ಟಿ, ಯಾರೋ ನೆಂಟರು ‘ಎಷ್ಟು ದುಂಡಗೈತೆ!’ ಎಂದು ಹೋದ ಮಾರನೆಯ ವಾರವೇ ಜ್ವರ ಬಂದು ತೀರಿಕೊಂಡಿತ್ತು. ಆಮೇಲೆ ಹುಟ್ಟಿದವನು ಬಸವರಾಜ. ಇವನು ಯಾರ ಕಣ್ಣಿಗೂ ಬೀಳಬಾರದೆಂದು ನಂಜವ್ವ ಒಳಕೋಣೆಯ ಕತ್ತಲಲ್ಲಿ ಇಟ್ಟಿದ್ದಳು. ಬಾಣಂತಿಗೆ ನೀರು, ಸೊಪ್ಪು, ತರಕಾರಿ ಆಗದು ಎಂದು ಗೌರಮ್ಮನವರನ್ನು ಒಣ ಅನ್ನ, ಮೆಣಸಿನ ಪುಡಿಯ ಪಥ್ಯದಲ್ಲಿ ಇಟ್ಟಿದ್ದಳು. ಆ ಪಥ್ಯ ಮುಗಿಯಬೇಕಾದ ತಿಂಗಳು ಮುಗಿದು, ಮತ್ತೂ ಮುಗಿದು, ಇನ್ನೂ ನಡೆಯುತ್ತಿತ್ತು. ನಂಜವ್ವನಿಗೆ ಸೊಸೆಯ ಮೇಲೆ ದ್ವೇಷವಿರಲಿಲ್ಲ. ಒಂದು ಕೂಸನ್ನು ಕಳೆದುಕೊಂಡವಳು ಇನ್ನೊಂದನ್ನು ಉಳಿಸಿಕೊಳ್ಳಲು ತನಗೆ ಗೊತ್ತಿದ್ದ ಎಚ್ಚರವನ್ನೆಲ್ಲ ಒಂದಕ್ಕೆರಡು ಮಾಡಿದ್ದಳು. ತಾಯಿಗೆ ಹಾಲಿಲ್ಲ, ಕೂಸು ಬತ್ತುತ್ತಿತ್ತು. ಬಸವರಾಜ ನನಗಿಂತ ಎರಡು ತಿಂಗಳು ದೊಡ್ಡವನು. ಅವ್ವ ಒಮ್ಮೆ ಒಳಗೆ ಹೋಗಿ ಎತ್ತಿಕೊಂಡಳಂತೆ. ‘ಎತ್ತಿದ್ನೋ ಇಲ್ವೋ ಅಂತ ಕೈಗೇ ಗೊತ್ತಾಗ್ಲಿಲ್ಲ ಕಣ್ಲಾ’ ಎಂದು ಹೇಳುವಾಗಲೆಲ್ಲ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಕೂಸನ್ನು ನರ್ಸಮ್ಮನಿಗೆ ತೋರಿಸಬೇಕು ಎಂದು ಗೌರಮ್ಮನವರಿಗೆ ಆಸೆ. ಅತ್ತೆಯ ಎದುರು ದನಿ ಎತ್ತಿದ ಸೊಸೆ ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಅಲ್ಲಿಯೂ ನಾನೇ ಬಸವರಾಜನಾಗಿ ತೂಗಿಸಿಕೊಂಡೆ. ಕೊಕ್ಕೆಯ ಮುಳ್ಳು ‘ಮಗು ಚೆನ್ನಾಗಿದೆ’ ಎನ್ನುತ್ತಿತ್ತು. ಒಳಗೆ ಮಗು ಅಳುವುದನ್ನೂ ಬಿಟ್ಟಿತ್ತು.

ಆ ದಿನ ನರ್ಸಮ್ಮ ಆ ಮನೆಯ ಹೊಸ್ತಿಲು ದಾಟಿದಾಗ ನಾನು ಹಳೆಯ ಪರಿಚಯದವರನ್ನು ಕಂಡಂತೆ ಕೈಕಾಲು ಬಡಿದು ನಕ್ಕೆನಂತೆ. ದಿನಕ್ಕೆ ನಾಲ್ಕು ಸಲ ನೋಡಿದವರನ್ನು ಕಂಡರೆ ಯಾರು ನಗುವುದಿಲ್ಲ? ನರ್ಸಮ್ಮ ಬಗ್ಗಿ, ನನ್ನ ಮಸಿ ಮುಖವನ್ನು ಸೆರಗಿನಿಂದ ಒರೆಸಿ ನೋಡಿದರು.

‘ಏನಪ್ಪಾ, ಎಲ್ಲಾ ಮನೇಲೂ ನನಗಿಂತ ಮುಂಚೆ ಬಂದು ಕೂತಿರ್ತೀಯಲ್ಲ! ನಿಂಗೆ ಯಾರು ಗಾಡಿ ಕಟ್ಟಿಕೊಡ್ತಾರೆ?’

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅವ್ವ ಬಾಯಿಗೆ ಸೆರಗು ತುರುಕಿಕೊಂಡಳು. ನಂಜವ್ವ ಮಾತ್ರ ಮುಖ ಬಾಡಿಸಲಿಲ್ಲ.

‘ಕೂಸುಗಳು ಎಲ್ಲಾ ಒಂದೇ ತರ ಇರ್ತವೆ ಕಣವ್ವ.’

ನರ್ಸಮ್ಮ ವಾದ ಮಾಡಲಿಲ್ಲ. ಚಾಪೆಯ ಮೇಲೆ ಕೂತು ಬೆವರು ಒರೆಸಿಕೊಂಡರು. ‘ಅಜ್ಜೀ, ನಿಮ್ಮ ಮಗೂನ ತೂಗೋದು ಬೇಡ ಅಂದ್ರೆ ಬೇಡ. ಯಾಕೆ ಬೇಡ ಅನ್ನೋದನ್ನಾದ್ರೂ ಹೇಳಿ’ ಅಂದರು. ಇಷ್ಟು ಸಲ ಬಂದರೂ ಈ ಪ್ರಶ್ನೆಯನ್ನು ಅವರು ಕೇಳಿರಲಿಲ್ಲವಂತೆ. ಕೇಳದೆ ಇದ್ದದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. ಮನೆಮನೆ ತಿರುಗುವಾಗ ನಾನೂ ಎಲ್ಲರಿಗೂ ಹೇಳುತ್ತಲೇ ಇದ್ದೆ, ಕೇಳಿದ್ದು ಕಡಿಮೆ.

‘ಯೋಳ್ತೀನಿ ಕೇಳು’ ಅಂದಳು ನಂಜವ್ವ. ‘ಇತ್ತಗೆ ಮಗ ಮಡಗಿದ್ರೆ ಅತ್ತಗೆ ಏನಾರ ಮಡಗ್ಬೇಕು. ಬೆಲ್ಲನೋ, ಕಾಯೋ. ನಿನ್ ತಕ್ಕಡಿಗೆ ಅತ್ತಗೆ ಅನ್ನೋದೇ ಇಲ್ಲ. ಅತ್ತಗೆ ಏನೂ ಮಡಗದೆ ತೂಗುದ್ರೆ ಜವರಾಯ ಬಂದು ತನ್ ಕೈಯ ಮಡಗ್ತಾನೆ. ಒಂದ್ಸಲ ಮಡಗವ್ನೆ, ಸಾಕು.’

ನರ್ಸಮ್ಮ ತಮ್ಮ ಕೊಕ್ಕೆಯನ್ನು ಚೀಲದೊಳಕ್ಕೆ ಹಾಕಿ ಬಕ್ಕಲ್ ಬಿಗಿದರು.

‘ಸರಿ ಅಜ್ಜಿ. ನಿಮ್ಮ ಅಂಗಡಿ ತಕ್ಕಡೀಲೇ ತೂಗೋಣ. ಅತ್ತ ಕಡೆ ಬೆಲ್ಲ ಇಡೋಣ.’

ಇದಕ್ಕೆ ಇಲ್ಲವೆನ್ನಲು ನಂಜವ್ವನಿಗೆ ಕಾರಣ ಸಿಗಲಿಲ್ಲ. ಮೆರವಣಿಗೆ ಅಂಗಡಿಗೆ ಹೊರಟಿತು. ತೊಲೆಯಿಂದ ಸರಪಳಿಯಲ್ಲಿ ಇಳಿಬಿಟ್ಟ ಎರಡು ಹಲಗೆ ತಟ್ಟೆಗಳ ದೊಡ್ಡ ತಕ್ಕಡಿ ಅದು. ಒಂದರಲ್ಲಿ ಕಂಬಳಿ ಮಡಿಸಿ ಹಾಸಿ ನನ್ನನ್ನು ಕೂರಿಸಿ, ಅವ್ವ ಹಿಂದಿನಿಂದ ಬೆರಳು ಆನಿಸಿ ನಿಂತಳು. ಇನ್ನೊಂದರಲ್ಲಿ ಶಿವಪ್ಪನವರು ಬೆಲ್ಲದ ಅಚ್ಚು ಇಡತೊಡಗಿದರು. ಇಟ್ಟಷ್ಟೂ ನಾನು ಮೇಲೇಳಲಿಲ್ಲ. ನಂಜವ್ವನಿಗೆ ಖುಷಿ ತಡೆಯಲಾಗಲಿಲ್ಲ, ಕಡ ತಂದ ಕೂಸೆಂಬುದು ಒಂದು ಕ್ಷಣ ಮರೆತೇಹೋಗಿರಬೇಕು. ‘ಇನ್ನೂ ಮಡಗ್ಲಾ ಶಿವ, ಕೈ ಇಡೀಬ್ಯಾಡ! ನೋಡವ್ವ ನೋಡು, ಎಂಗವ್ನೆ!’ ಕೊನೆಗೆ ತಕ್ಕಡಿ ಸಮವಾಯಿತು. ಬೆಲ್ಲ ಸಿಗುತ್ತದೆಂದು ಬೀದಿಯ ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತವು. ತುಲಾಭಾರದ ಬೆಲ್ಲ ಹಂಚಲೇಬೇಕಲ್ಲ.

ಆಗ ನರ್ಸಮ್ಮ ಕೇಳಿದರು. ‘ಯಾರ ಹೆಸರು ಹೇಳಿ ಹಂಚೋದು ಅಜ್ಜಿ?’

ಬಲ್ಲವರಿಗೆ ಇದರ ಬಿಗಿ ತಿಳಿಯುತ್ತದೆ. ತೂಗಿದ ಬೆಲ್ಲವನ್ನು ತೂಗಿಸಿಕೊಂಡವರ ಹೆಸರು ಹೇಳಿಯೇ ಕೊಡಬೇಕು. ಪುಣ್ಯ ಆ ಹೆಸರಿಗೆ ಹೋಗುತ್ತದೆ. ನನ್ನ ಹೆಸರು ಹೇಳಿದರೆ ಅಂಗಡಿಯ ಬೆಲ್ಲದಿಂದ ಪಕ್ಕದ ಮನೆಯವನ ಆಯುಸ್ಸು ಬೆಳೆಯುತ್ತದೆ. ಬಸವರಾಜನ ಹೆಸರು ಹೇಳಿದರೆ ದೇವರ ತಕ್ಕಡಿಗೇ ಸುಳ್ಳು ಹೇಳಿದಂತೆ. ಸರ್ಕಾರಕ್ಕೆ ಎಷ್ಟು ಬೇಕಾದರೂ ಸುಳ್ಳು ಹೇಳುವ ಧೈರ್ಯ ನಂಜವ್ವನಿಗಿತ್ತು. ತಕ್ಕಡಿಗೆ ಹೇಳುವ ಧೈರ್ಯ ವ್ಯಾಪಾರದ ಮನೆಯಲ್ಲಿ ಬಾಳಿದವಳಿಗೆ ಎಲ್ಲಿಂದ ಬರಬೇಕು?

ಶಿವಪ್ಪನವರಿಗೆ ಏನು ಮಾಡಬೇಕೋ ತೋಚದೆ, ಹೆಸರಿಲ್ಲದ ಬೆಲ್ಲ ಅಂಗಡಿಯದೇ ಎಂದು ಅಚ್ಚುಗಳನ್ನು ಬೇಗಬೇಗ ಇಳಿಸಿಬಿಟ್ಟರು. ನನ್ನ ತಟ್ಟೆ ದಡಕ್ಕನೆ ನೆಲಕ್ಕೆ ಕೂತಿತು. ಖಾಲಿಯಾದ ಆ ಇನ್ನೊಂದು ತಟ್ಟೆಯಲ್ಲಿ, ನನ್ನತ್ತ ಬಗ್ಗಿದ್ದ ಎಲ್ಲರೂ ಕಣ್ಣೆತ್ತಿ ನೋಡುವಷ್ಟರಲ್ಲಿ, ಬಸವರಾಜ ಮಲಗಿದ್ದ.

ತಕ್ಕಡಿ ಅಲ್ಲಾಡಲಿಲ್ಲ. ನಾನು ನೆಲದ ಮೇಲೆ, ಅವನು ಗಾಳಿಯಲ್ಲಿ. ಅವನ ತಟ್ಟೆಯಲ್ಲಿ ಏನೂ ಇಟ್ಟಿಲ್ಲವೇನೋ ಎಂಬಂತೆ ಅದು ಮೇಲೆಯೇ ನಿಂತಿತ್ತು.

ಶಿವಪ್ಪನವರ ಕೈಗೆ ಒಂದು ಅಭ್ಯಾಸ: ತಟ್ಟೆ ಓರೆಯಾಗಿ ಕಂಡರೆ ಸಮ ಮಾಡುವುದು. ಯೋಚನೆಯೇ ಇಲ್ಲದೆ ಒಂದು ಅಚ್ಚು ತೆಗೆದು ಮಗನ ಕಾಲ ಬಳಿ ಇಟ್ಟರು. ಇನ್ನೊಂದು ಇಟ್ಟರು. ಮತ್ತೊಂದು. ಸಮವಾಗುವ ಹೊತ್ತಿಗೆ ಆ ತಟ್ಟೆಯಲ್ಲಿ ಮಗುವಿಗಿಂತ ಬೆಲ್ಲವೇ ಹೆಚ್ಚಾಗಿ ಕಾಣುತ್ತಿತ್ತು. ನಂಜವ್ವ ಹತ್ತಿರ ಬಂದು, ಬೆಲ್ಲವನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು. ಜೀವಮಾನವೆಲ್ಲ ತೂಕದಲ್ಲಿ ಮೋಸ ಮಾಡದ, ಮೋಸ ಹೋಗದ ಹೆಂಗಸು.

‘ಶಿವಾ, ಇಷ್ಟೊಂದು ಕಮ್ಮಿ ಬಂದೈತಲ್ಲೋ’ ಅಂದಳು. ‘ನಮ್ಮನೇಲಿ ಇಷ್ಟೊಂದು ಎಲ್ಲೋಯ್ತು ಕಣ್ಲಾ?’

ನರ್ಸಮ್ಮ ತಗ್ಗಿದ ದನಿಯಲ್ಲಿ, ‘ಗೌರಮ್ಮ ತಿಂದರೆ ಇವನಿಗೆ ಸಿಗುತ್ತೆ ಅಜ್ಜಿ. ಅವಳು ತಿಂದೇ ಇಲ್ಲ’ ಅಂದರು. ಆಮೇಲೆ ಹಸುವಿನ ಹಾಲಿನ ಮಾತು, ರಾಗಿ ಸರಿಯ ಮಾತು, ಕಿಟಕಿಯ ಮಾತು ಬಂತಂತೆ. ನಂಜವ್ವ ಅದನ್ನು ಕೇಳಿದಳೋ ಇಲ್ಲವೋ. ಒಳಗಿನ ಕಡೆ ತಿರುಗಿ, ಯಾವಾಗಲೂ ಬೈಯುವ ಅದೇ ದನಿಯಲ್ಲಿ ಕೂಗಿದಳು:

‘ಏ ಗೌರೀ, ಮಡಕೇಲಿ ಸೊಪ್ಪಿನ ಸಾರು ಐತೇನೇ? ಉಣ್ಣಕ್ಕೆ ಕೂತ್ಕೊ. ನೀರ್ ಕುಡ್ದು ಉಣ್ಣು!’

ಬೆಲ್ಲವನ್ನು ಬಸವರಾಜನ ಹೆಸರು ಹೇಳಿ ಹಂಚಿದರು. ಅವನ ತೂಕಕ್ಕಲ್ಲ, ಅವನಿಗೆ ಕಮ್ಮಿ ಬಿದ್ದ ತೂಕಕ್ಕೆ. ಇಂಥ ತುಲಾಭಾರ ಯಾವ ಶಾಸ್ತ್ರದಲ್ಲೂ ಇರಲಾರದು. ಅಂದಿನಿಂದ ನಮ್ಮ ಬೀದಿಯ ಕೂಸುಗಳೆಲ್ಲ ಬೆಲ್ಲದ ಅಂಗಡಿಯಲ್ಲೇ ತೂಗಿಸಿಕೊಂಡವು, ನಾನು ಕೆಲಸ ಕಳೆದುಕೊಂಡೆ. ನರ್ಸಮ್ಮ ತಮ್ಮ ಕೊಕ್ಕೆಯನ್ನು ಅಂಗಡಿಯ ಗೂಟಕ್ಕೆ ಸಿಕ್ಕಿಸಿ ಅದಕ್ಕೆ ಕೊಡೆ ತೂಗುಹಾಕುತ್ತಿದ್ದರಂತೆ. ಇದನ್ನು ಹೇಳಿದವರು ಶಿವಪ್ಪನವರು. ಅವರಿಗೆ ಕಥೆಗೆ ಒಗ್ಗರಣೆ ಹಾಕುವ ಅಭ್ಯಾಸವಿತ್ತು.

ಬಸವರಾಜ ಒಂದೇ ದಿನಕ್ಕೆ ಉಬ್ಬಲಿಲ್ಲ. ನಡುವೆ ಜ್ವರ ಬಂದು ಮತ್ತೆ ಇಳಿದ, ಮತ್ತೆ ಏರಿದ. ಮುಂದೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದೆವು, ಅಥವಾ ಓದಲಿಲ್ಲ. ದೊಡ್ಡವರಾದ ಮೇಲೆ ಒಮ್ಮೆ ಹಾಸನಕ್ಕೆ ಹೋದವರು ಹಾಗೇ ದೊಡ್ಡಗದ್ದವಳ್ಳಿಯ ಗುಡಿ ನೋಡಲು ಹೋದೆವು. ಅಲ್ಲಿ ಕಾಳಿಯ ಬಾಗಿಲಲ್ಲಿ ಬೇತಾಳಗಳು ನಿಂತಿವೆ. ಶಿಲ್ಪಿ ಪಕ್ಕೆಲುಬುಗಳನ್ನು ಒಂದೊಂದಾಗಿ ಬಿಡಿಸಿದ್ದಾನೆ. ನಾನು ಕಲೆಯ ಬಗ್ಗೆ ಏನೋ ಗಂಭೀರವಾಗಿ ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಬಸವರಾಜ ತನ್ನ ದೊಡ್ಡ ಹೊಟ್ಟೆಯ ಮೇಲೆ ಕೈಯಾಡಿಸುತ್ತ, ‘ನೋಡ್ಲಾ, ನನ್ ಚಿಕ್ಕಂದಿನ ಫೋಟೋ’ ಅಂದ. ನನ್ನ ವಿಮರ್ಶೆ ಅಲ್ಲಿಗೇ ನಿಂತಿತು.

ಅವತ್ತು ಹಿಂದಿರುಗುವ ಬಸ್ಸಿನಲ್ಲಿ ಅವನು ನನ್ನನ್ನು ಕೇಳಿದ: ‘ಅಲ್ಲಾ ಕಣ್ಲಾ, ನನ್ನ ಆಚೆಗೆ ತಂದು ತಕ್ಕಡೀಲಿ ಮಲಗ್ಸಿದ್ದು ಯಾರು?’

ಕಥೆಯನ್ನು ಅಷ್ಟು ಸಲ ಕೇಳಿದ್ದರೂ ಇದು ನನಗೆ ಹೊಳೆದಿರಲಿಲ್ಲ. ಊರಿಗೆ ಬಂದು ವಿಚಾರಿಸಿದೆ. ನರ್ಸಮ್ಮನೇ ಒಳಗೆ ನುಗ್ಗಿ ಎತ್ತಿಕೊಂಡು ಬಂದರು ಎಂದಳು ಅವ್ವ. ಆದರೆ ನರ್ಸಮ್ಮ ಆಗ ಬಾಗಿಲ ಬಳಿ ಮಕ್ಕಳನ್ನು ಹಿಂದಕ್ಕೆ ಸರಿಸುತ್ತಿದ್ದರು ಎಂದೂ ಅವಳೇ ಹೇಳಿದ್ದಾಳೆ. ಶಿವಪ್ಪನವರು, ‘ಇನ್ಯಾರು, ನಮ್ಮವ್ವನೇ’ ಅಂದರು. ನಂಜವ್ವ ಬದುಕಿದ್ದಾಗ, ‘ಶಿವನೇ ತಂದ’ ಅನ್ನುತ್ತಿದ್ದಳಂತೆ. ಗೌರಮ್ಮನವರು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ‘ನೀವೇನಾ?’ ಎಂದು ಕೇಳಿದೆ.

‘ನಾನೆಂಗೆ ತರಾಕಾಯ್ತದೆ? ಅತ್ತೆ ತರಬ್ಯಾಡ ಅಂದಿದ್ರಲ್ಲ’ ಅಂದರು. ಮುಖ ಮೇಲೆತ್ತಲಿಲ್ಲ. ಇನ್ನೊಂದು ಕಾಯಿ ಬಿಡಿಸಿ, ‘ಕಾಫಿ ಕುಡ್ಕೊಂಡೋಗು’ ಅಂದರು.

ನರ್ಸಮ್ಮನಿಗೆ ಬಹಳ ಹಿಂದೆಯೇ ವರ್ಗವಾಗಿತ್ತು, ಆಮೇಲೆ ಎಲ್ಲಿದ್ದರೋ ತಿಳಿದವರಿಲ್ಲ. ಅಂಗಡಿಯ ಕಡೆಯಿಂದ ನೋಡಿದರೆ ಒಳಕೋಣೆಗೂ ತಕ್ಕಡಿಗೂ ನಡುವೆ ಒಂದು ಹೊಸ್ತಿಲು, ಒಂದಿಷ್ಟು ನೆಲ, ಅಷ್ಟೆ. ಬಸವರಾಜನನ್ನು ಅಷ್ಟು ದೂರ ದಾಟಿಸಿದ ಕೈ ಯಾರದು ಎಂಬುದು ನನಗೆ ಗೊತ್ತಿಲ್ಲ. ಅಷ್ಟು ಹತ್ತಿರದಲ್ಲಿದ್ದ ಸಾಕ್ಷಿ ನಾನೊಬ್ಬನೇ. ನಾನು ಎದುರಿನ ತಟ್ಟೆಯಲ್ಲಿ, ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ಬಹುಶಃ ಬೆಲ್ಲ ನೋಡುತ್ತಿದ್ದೆ.